ತುಕ್ಕು ಹಿಡಿಯದ ಕಾರು

ಮೇಷ್ಟ್ರು ನಿವೃತ್ತಿಯ ನಂತರ ಆಟಿಕೆ ಕಾರು ಜೋಡಿಸುತ್ತ ಕುಳಿತಿದ್ದಾರೆಂದು ನನ್ನ ವಿದ್ಯಾರ್ಥಿ ಮಿತ್ರರಲ್ಲಿ ಕೆಲವರು ನಗುತ್ತಿರುವ ಸುದ್ದಿ ನನಗೂ ತಲುಪಿದೆ. ನಗಲಿ. ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಶಿಷ್ಯನೊಬ್ಬ ಕಳುಹಿಸಿದ ಪೆಟ್ಟಿಗೆಯಲ್ಲಿದ್ದುದು ರೆವೆಲ್ ಕಂಪನಿಯ ‘ಟ್ರಾಬಾಂಟ್ 601’ ಮಾದರಿಯ ಬಿಡಿಭಾಗಗಳು. ಪ್ರಮಾಣ 1:24, ಅಂದರೆ ಮೂರೂವರೆ ಮೀಟರ್ ಉದ್ದದ ಕಾರು ಇಲ್ಲಿ ಸುಮಾರು ಹದಿನೈದು ಸೆಂಟಿಮೀಟರಿಗೆ ಇಳಿದಿದೆ. ಅದನ್ನು ಹೊಸದರಂತೆ ಹೊಳೆಯಿಸದೆ, 1989ರ ಶರತ್ಕಾಲದಲ್ಲಿ ಪ್ರಾಗ್ ನಗರದ ಬೀದಿಯಲ್ಲಿ ಯಾರೋ ಬಿಟ್ಟುಹೋದ ಕಾರಿನಂತೆ ಮಾಡಬೇಕೆಂದು ನಿಶ್ಚಯಿಸಿದೆ.

ಬಿಟ್ಟುಹೋದ ಕಾರು ಎಂದೊಡನೆ ಎಲ್ಲರ ಕಣ್ಣಿಗೂ ಕಟ್ಟುವುದು ತುಕ್ಕು. ಮಾದರಿ ಮಾಡುವ ಹವ್ಯಾಸಿಗಳು ಕಿತ್ತಳೆ, ಕಂದು ಬಣ್ಣಗಳನ್ನು ಧಾರಾಳವಾಗಿ ಬಳಿಯುತ್ತಾರೆ. ಟ್ರಾಬಾಂಟಿನ ಮೈಮೇಲೆ ಹಾಗೆ ಬಳಿದರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಈ ಕಾರು ಹುಟ್ಟಿದ್ದು 1957ರಲ್ಲಿ, ಪೂರ್ವ ಜರ್ಮನಿಯ ತ್ಸ್ವಿಕಾವ್ ಪಟ್ಟಣದಲ್ಲಿ. ಯುದ್ಧಕ್ಕೆ ಮುಂಚೆ ಅದೇ ಊರಿನಲ್ಲಿ ಹಾರ್ಖ್‌ನಂತಹ ಸಿರಿವಂತರ ಕಾರುಗಳು ತಯಾರಾಗುತ್ತಿದ್ದವು. ಯುದ್ಧಾನಂತರ ಕಾರ್ಖಾನೆ ಸರ್ಕಾರದ್ದಾಯಿತು. ಕಾರಿನ ಮೈಗೆ ಬೇಕಾದ ಉಕ್ಕಿನ ಹಾಳೆಗೆ ಅಭಾವವಿತ್ತು. ಆಗ ಅಲ್ಲಿನ ಎಂಜಿನಿಯರುಗಳು ಸೋವಿಯತ್ ಒಕ್ಕೂಟದಿಂದ ಬರುತ್ತಿದ್ದ ಹತ್ತಿಯ ತ್ಯಾಜ್ಯವನ್ನು ಫೀನಾಲ್ ರಾಳದೊಂದಿಗೆ ಸೇರಿಸಿ, ಬಿಸಿಯಲ್ಲಿ ಒತ್ತಿ, ‘ಡ್ಯೂರೊಪ್ಲಾಸ್ಟ್’ ಎಂಬ ಗಟ್ಟಿ ಹಲಗೆ ಮಾಡಿದರು. ನಮ್ಮ ಹಳೆಯ ಮನೆಗಳ ಕಪ್ಪು ಬೇಕಲೈಟ್ ಸ್ವಿಚ್ಚುಗಳು ನೆನಪಿವೆಯಲ್ಲ? ಇದು ಅದರದೇ ದಾಯಾದಿ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಪೆಟ್ಟು ಬಿದ್ದರೆ ತಗ್ಗಾಗದು, ಬಿರಿಯುತ್ತದೆ. ತುಕ್ಕು ಮಾತ್ರ ಹಿಡಿಯದು. ತುಕ್ಕೇನಿದ್ದರೂ ಒಳಗಿನ ಉಕ್ಕಿನ ಚೌಕಟ್ಟಿಗೆ, ಬಂಪರಿಗೆ, ಚಕ್ರದ ರಿಮ್ಮುಗಳಿಗೆ.

1991ರಲ್ಲಿ ಉತ್ಪಾದನೆ ನಿಲ್ಲುವವರೆಗೆ ಸುಮಾರು 30 ಲಕ್ಷ ಟ್ರಾಬಾಂಟುಗಳು ಹೊರಬಂದವು. ಆದರೂ ಹೆಸರು ನೋಂದಾಯಿಸಿದವರು ಹತ್ತು ವರ್ಷಕ್ಕೂ ಮೀರಿ ಕಾಯಬೇಕಿತ್ತು. ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದ ನಮ್ಮ ತಲೆಮಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗೆ ಕಾದು ಪಡೆದ ಕಾರನ್ನು ಜನರು ಮನೆಯ ಮಗುವಿನಂತೆ ನೋಡಿಕೊಳ್ಳುತ್ತಿದ್ದರು.

ಆ ಮಗುವನ್ನೇ ಬೀದಿಯಲ್ಲಿ ಬಿಟ್ಟು ನಡೆಯುವ ದಿನ ಬಂತು. ಪೂರ್ವ ಜರ್ಮನ್ನರಿಗೆ ಚೆಕೊಸ್ಲೊವಾಕಿಯಕ್ಕೆ ಹೋಗಲು ವೀಸಾ ಬೇಕಿರಲಿಲ್ಲ. 1989ರ ಸೆಪ್ಟೆಂಬರಿನಲ್ಲಿ ಸಾವಿರಾರು ಮಂದಿ ಪ್ರಾಗ್‌ನ ಮಾಲಾ ಸ್ಟ್ರಾನಾ ಭಾಗದಲ್ಲಿರುವ ಪಶ್ಚಿಮ ಜರ್ಮನಿಯ ರಾಯಭಾರ ಕಚೇರಿಗೆ ಬಂದರು. ಬೇಲಿ ಹತ್ತಿ, ಮಕ್ಕಳನ್ನು ಮೇಲಿಂದ ದಾಟಿಸಿ ಒಳಸೇರಿದರು. ಅರಮನೆಯ ತೋಟದ ಕೆಸರಿನಲ್ಲಿ ಗುಡಾರ ಹಾಕಿಕೊಂಡರು. ಸೆಪ್ಟೆಂಬರ್ 30ರ ಸಂಜೆ ವಿದೇಶಾಂಗ ಸಚಿವ ಗೆನ್ಷರ್ ಉಪ್ಪರಿಗೆಗೆ ಬಂದು, ನಿಮ್ಮ ಪ್ರಯಾಣಕ್ಕೆ ಅನುಮತಿ ದೊರೆತಿದೆ ಎಂಬರ್ಥದ ಮಾತು ತೆಗೆದರು. ವಾಕ್ಯ ಮುಗಿಯುವ ಮೊದಲೇ ಅದು ಜನರ ಹರ್ಷೋದ್ಗಾರದಲ್ಲಿ ಮುಳುಗಿಹೋಯಿತು. ಮುಂದಿನ ಪ್ರಯಾಣ ವಿಶೇಷ ರೈಲುಗಳಲ್ಲಿ. ಕಾರುಗಳು ಸುತ್ತಲಿನ ಬೀದಿಗಳಲ್ಲೇ ಉಳಿದವು. ಎಷ್ಟೋ ಕಾರುಗಳಲ್ಲಿ ಕೀಲಿಕೈ ಹಾಗೆಯೇ ಇತ್ತು. ಮರುವರ್ಷ ಚೆಕ್ ಶಿಲ್ಪಿ ಡೇವಿಡ್ ಚೆರ್ನಿ ನಾಲ್ಕು ಕಾಲುಗಳ ಮೇಲೆ ನಿಂತ ಟ್ರಾಬಾಂಟನ್ನು ನಿರ್ಮಿಸಿದ. ಅದರ ಪ್ರತಿಕೃತಿ ಅದೇ ಕಚೇರಿಯ ತೋಟದಲ್ಲಿದೆ.

ಆದ್ದರಿಂದ ನನ್ನ ಪುಟ್ಟ ಕಾರಿನ ಮೇಲೆ ಎರಡು ಕಾಲಗಳು ಕಾಣಬೇಕು: ಹತ್ತಾರು ವರ್ಷಗಳ ಅಕ್ಕರೆ, ಕೆಲವೇ ವಾರಗಳ ಅನಾಥತನ. ಮೈಗೆ ಹೊಳಪಿಲ್ಲದ ತಿಳಿನೀಲಿ ಬಳಿದೆ. ಬಿಸಿಲು ಹೆಚ್ಚು ತಾಗುವ ಬಾನೆಟ್ಟಿಗೂ ಚಾವಣಿಗೂ ಅದೇ ಬಣ್ಣಕ್ಕೆ ಒಂದಿಷ್ಟು ಬಿಳಿ ಬೆರೆಸಿದೆ. ಮಡ್‌ಗಾರ್ಡಿನ ಅಂಚಿನಲ್ಲೊಂದು ಕೂದಲೆಳೆಯಷ್ಟು ಬಿರುಕು. ಬಂಪರಿನ ಕೆಳಗೆ, ರಿಮ್ಮುಗಳ ಸುತ್ತ ಮಾತ್ರ ತುಕ್ಕಿನ ಚುಕ್ಕೆ. ಇದು ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಗಾಡಿಯಾದ್ದರಿಂದ ಹೊಗೆಕೊಳವೆಯ ಬಾಯಿಗೆ ಜಿಡ್ಡುಗಪ್ಪು. ಇಷ್ಟು ಮೊದಲನೆಯ ಕಾಲದ್ದು.

ಎರಡನೆಯದಕ್ಕೆ ಸೀಮೆಸುಣ್ಣದ ಪುಡಿ ಒದಗಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ಅಂಗಿಯ ತೋಳಿನ ಮೇಲೆ ಕುಳಿತ ಆ ಪುಡಿಗೆ ಚೂರು ಬೂದಿ ಬೆರೆಸಿ ಮೆತ್ತನೆಯ ಕುಂಚದಿಂದ ಸವರಿದರೆ, ಬೀದಿಯ ಧೂಳಿಗೆ ಅದಕ್ಕಿಂತ ಉತ್ತಮ ಸಾಮಗ್ರಿ ಬೇರಿಲ್ಲ. ವೈಪರಿನ ಬುಡದಲ್ಲಿ ಹಿತ್ತಿಲಿನ ಒಣ ಎಲೆಗಳ ಪುಡಿ ಇಟ್ಟೆ. ಒಂದು ಟೈರಿನ ತಳವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಗಾಳಿ ಇಳಿದಂತೆ ಮಾಡಿದೆ.

“ತಾತ, ಇದು ಹಾಳಾದ ಕಾರಿನ ಹಾಗೆ ಕಾಣಿಸೋದೇ ಇಲ್ಲ” ಎಂದು ಮೊಮ್ಮಗ ಆಕ್ಷೇಪಿಸಿದ. ಹಾಳಾಗಿರಲಿಲ್ಲ, ಬಿಟ್ಟುಹೋಗಿದ್ದರು ಎಂದೆ. ಹಾಗಾದರೆ ಒಳಗೆ ಏನಿತ್ತು ಎಂದು ಕೇಳಿದ. ಹಿಂಬದಿಯ ಆಸನಕ್ಕೆ ಮಡಿಸಿದ ಕಂಬಳಿಯೊಂದನ್ನು ಟಿಶ್ಯೂ ಕಾಗದದಲ್ಲಿ ಅವನೇ ಮಾಡಿಕೊಟ್ಟ. ಕೀಲಿಕೈಯನ್ನು ನಾನು ತಾಮ್ರದ ತಂತಿಯ ಎಳೆಯಿಂದ ಮಾಡಿ, ಸ್ಟಿಯರಿಂಗಿನ ಪಕ್ಕದಲ್ಲಿ ಅಂಟಿಸಿದ್ದೇನೆ. ಮನೆಗೆ ಬಂದವರು ಎಡಗಡೆಯ ಕಿಟಕಿಯಿಂದ ಸ್ವಲ್ಪ ಬಗ್ಗಿ ನೋಡಿದರೆ ಕಾಣುತ್ತದೆ.