ಮುನಿಸಿಕೊಳ್ಳುವ ಪದ್ಮಿನಿ

ನಿಮ್ಮಲ್ಲಿ ಎಷ್ಟು ಜನರ ಮೊದಲ ಕಾರು ಪದ್ಮಿನಿ? ಅದೂ ಸೆಕೆಂಡ್ ಹ್ಯಾಂಡ್?

ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್, ಇಟಲಿಯ ಫಿಯೆಟ್ 1100 ಡಿಲೈಟ್ ಕಾರನ್ನು 1964ರಿಂದ ಮುಂಬಯಿಯ ಕುರ್ಲಾದಲ್ಲಿ ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಅದಕ್ಕೆ ಚಿತ್ತೋರಿನ ರಾಣಿಯ ಹೆಸರು ಬಂತು. ನಮ್ಮವರ ಬಾಯಲ್ಲಿ ಮಾತ್ರ ಕೊನೆಯವರೆಗೂ ಅದು ‘ಫಿಯೆಟ್ಟೇ’! 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. 1983ರಲ್ಲಿ ಮಾರುತಿ 800 ಬಂದಾಗ ಈ ರಾಣಿಗೆ ವಯಸ್ಸಾದದ್ದು ಎಲ್ಲರಿಗೂ ಕಂಡಿತು. ಅಪ್ಪಂದಿರು ಹೊಸದು ಕೊಂಡರು, ಹಳೆಯದು ಹುಡುಗರ ಪಾಲಿಗೆ ಬಂತು.

ಹುಡುಗರಿಗೆ ಅದೇ ಸ್ವರ್ಗ. ಬೇಸಿಗೆಯಲ್ಲಿ ಘಾಟ್ ಹತ್ತುವಾಗ ಎಂಜಿನ್ ಪಕ್ಕದ ಪುಟ್ಟ ಪಂಪು ಕಾದು, ಪೆಟ್ರೋಲು ಅಲ್ಲೇ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಬಾನೆಟ್ ಎತ್ತಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಅದರ ಕೋಪ ಇಳಿಯುವವರೆಗೆ ಕಾಯಬೇಕು. ಚಳಿಯ ಬೆಳಗಾದರೆ ಚೋಕ್ ಎಳೆದು ಓಲೈಸಬೇಕು. ಕೈಗೆ ಗ್ರೀಸ್ ಮೆತ್ತಿಕೊಂಡು ರಿಪೇರಿ ಕಲಿತದ್ದೇ ಹೀಗೆ. ಬಹುಶಃ ಕೈಕೊಡದ ಕಾರಿನ ಮೇಲೆ ಅಷ್ಟು ಮೋಹ ಹುಟ್ಟುವುದಿಲ್ಲ.

ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಅಲ್ಲಿ 20 ವರ್ಷದ ಮಿತಿ, ಹಾಗಾಗಿ 2023ರ ಅಕ್ಟೋಬರ್‌ನಲ್ಲಿ ಅದೂ ರಸ್ತೆಯಿಂದ ಸರಿಯಿತು. ಉಳಿದಿರುವುದು ಮನೆಗಳಲ್ಲಿರುವ ಪದ್ಮಿನಿಗಳು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಗುಜರಿಯವನೂ ಆಗಾಗ ಗೇಟಿನ ಬಳಿ ಬಂದು ವಿಚಾರಿಸುತ್ತಾನೆ.

ನಿಮ್ಮದು ಇನ್ನೂ ಇದೆಯೇ? ಕೊಡುವ ಮುನ್ನ ಒಮ್ಮೆ ಸ್ಟಾರ್ಟ್ ಮಾಡಿ, ಆ ಸದ್ದನ್ನು ರೆಕಾರ್ಡ್ ಮಾಡಿ ನಮಗೆ ಕಳಿಸಿ.