ಹೆಸರಿಗಿಂತ ಹಳೆಯದಾದ ರೇಡಿಯನ್

ಸರಳ ಲೋಲಕದ ಪಾಠದಲ್ಲಿ ‘ಕೋನ ಚಿಕ್ಕದಾದರೆ ಅದರ ಸೈನ್ ಬೆಲೆ ಹೆಚ್ಚುಕಡಿಮೆ ಆ ಕೋನಕ್ಕೇ ಸಮ’ ಎನ್ನುತ್ತೇವೆ. ಕ್ಯಾಲ್ಕುಲೇಟರಿನಲ್ಲಿ 3.75 ಡಿಗ್ರಿಯ ಸೈನ್ ನೋಡಿ: 0.0654. ಎಲ್ಲಿಯ 3.75, ಎಲ್ಲಿಯ 0.0654? ಅದೇ ಕೋನವನ್ನು ರೇಡಿಯನ್‌ಗೆ ಪರಿವರ್ತಿಸಿ; 0.0654 ಬರುತ್ತದೆ. ಮಾತು ನಿಜವಾಯಿತು.

ವೃತ್ತವನ್ನು 360 ಭಾಗ ಮಾಡುವ ರೂಢಿ ಬ್ಯಾಬಿಲೋನಿನ ಖಗೋಳಜ್ಞರಿಂದ ಬಂದದ್ದು. ಅದು ಎಣಿಕೆಯ ಅನುಕೂಲಕ್ಕೆ. ತ್ರಿಜ್ಯದ ಪ್ರಸ್ತಾಪ ಅಲ್ಲಿಲ್ಲ. ರೇಡಿಯನ್ ಅಳತೆಯಾದರೋ ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆ.

ಈ ತತ್ತ್ವ ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲೇ ಅಡಗಿದೆ. ಪರಿಧಿ 360 × 60, ಅಂದರೆ 21,600 ಕಲೆ. ಅದನ್ನು 2π ಯಿಂದ ಭಾಗಿಸಿದರೆ ತ್ರಿಜ್ಯ ಸುಮಾರು 3438 ಕಲೆ. ನಮ್ಮ ಒಂದು ರೇಡಿಯನ್ ಕೂಡ ಅಷ್ಟೇ: ಸುಮಾರು 57.3 ಡಿಗ್ರಿ! ಆರ್ಯಭಟನಿಗೆ ಕಂಸ, ತ್ರಿಜ್ಯ, ಜ್ಯಾ (ತ್ರಿಜ್ಯ × ಸೈನ್) ಮೂರಕ್ಕೂ ಒಂದೇ ಮಾನ. ಆದ್ದರಿಂದಲೇ ಅವನ ಕೋಷ್ಟಕದಲ್ಲಿ 225 ಕಲೆಯ (3.75 ಡಿಗ್ರಿ) ಕಂಸಕ್ಕೆ ಜ್ಯಾ ಸಹ 225.

‘ರೇಡಿಯನ್’ ಎಂಬ ಪದ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1873ರಲ್ಲಿ, ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿಗಾಗಿ ಜೇಮ್ಸ್ ಥಾಮ್ಸನ್ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯಲ್ಲಿ.

ಶಿಕ್ಷಕ ಮಿತ್ರರೇ, ಪರಿವರ್ತನೆಯ ಸೂತ್ರವನ್ನು ಕಂಠಪಾಠ ಮಾಡಿಸುವ ಮೊದಲು ಕರಿಹಲಗೆಯ ಮೇಲೆ ಈ ಎರಡು 225ಗಳನ್ನು ಬರೆದು, ಅವು ಏಕೆ ಸಮವೆಂದು ಮಕ್ಕಳನ್ನೇ ಕೇಳಿ.