ತಾವರೆ ಮರಳಿದ ಕೆರೆ

ಬೀದಿಯ ಕೊಳೆಯನ್ನೆಲ್ಲ ಕೆರೆಗೆ ಹರಿಯಬಿಟ್ಟು, ಕೆರೆ ಕೆಟ್ಟಿತೆಂದು ಮರುಗುವುದು ನಮಗೆ ಹೊಸದಲ್ಲವಷ್ಟೆ? ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿಯೂ ಹೀಗೆಯೇ ಆಯಿತು. ಅಲ್ಲಿಯ ಎಕೋ ಪಾರ್ಕಿನ ಕೆರೆಯನ್ನು 1860ರ ದಶಕದಲ್ಲಿ ನೀರು ಕೂಡಿಡಲೆಂದು ಕಟ್ಟಿದರು. 1890ರ ದಶಕದಲ್ಲಿ ಅದರ ಸುತ್ತ ಉದ್ಯಾನವಾಯಿತು. ಕೆರೆಯ ತಾವರೆಗಳು ಹೆಸರಾದವು. ಆದರೆ ಸುತ್ತಲಿನ ಬೀದಿಗಳ ಮಳೆನೀರು ಎಣ್ಣೆ, ಕಸಗಳನ್ನು ಹೊತ್ತು ಅಲ್ಲಿಗೇ ಇಳಿಯುತ್ತಿತ್ತು. ಕಡೆಗೆ ತಾವರೆಯೂ ಅಳಿಯಿತು.

2004ರಲ್ಲಿ ಜಲಶುದ್ಧಿಗಾಗಿ 50 ಕೋಟಿ ಡಾಲರಿನ ಸಾಲಪತ್ರಗಳಿಗೆ ನಗರದ ಮತದಾರರು ಒಪ್ಪಿಗೆಯಿತ್ತರು. 2011ರಲ್ಲಿ ಕೆರೆಯನ್ನು ಬರಿದುಮಾಡಿ ಹೂಳೆತ್ತಿದರು. ಅಂಚಿನಲ್ಲಿ ಜೊಂಡು ನೆಟ್ಟು ಜೌಗನ್ನು ನಿರ್ಮಿಸಿದರು. ಅಲ್ಲಿ ನೀರು ನಿಧಾನವಾಗಿ ಸಾಗುವಾಗ ಮಣ್ಣು ತಳಕ್ಕಿಳಿಯುತ್ತದೆ. ಬೇರುಗಳ ಸುತ್ತಲಿನ ಸೂಕ್ಷ್ಮಜೀವಿಗಳು ಕೊಳೆಯನ್ನು ಅರಗಿಸುತ್ತವೆ.

2013ರಲ್ಲಿ ಉದ್ಯಾನ ತೆರೆದಾಗ, ಹಳೆಯ ತಾವರೆಯ ಸಂತತಿಯೇ ಮತ್ತೆ ಅಲ್ಲಿ ಬೇರೂರಿತ್ತು. ನಿಮ್ಮ ಬೀದಿಯ ಮಳೆನೀರು ಯಾವ ಕೆರೆಯನ್ನು ಸೇರುತ್ತದೆ, ಬಲ್ಲಿರಾ?